ತೂತು ಮರೆತ ಪದಕಗಳು

ನನ್ನ ಮೊದಲ ಮಗು ಹೆಸರಿಡುವ ಮುನ್ನವೇ ತೀರಿಕೊಂಡಿತು. ಎಪ್ಪತ್ತರ ದಶಕದ ಮಾತು. ಬಾಣಂತನಕ್ಕೆ ತವರಿಗೆ ಹೋಗಿದ್ದವಳು ಬರಿಗೈಲಿ ಮಿಶ್ರಿಕೋಟಿಗೆ, ಗಂಡನ ಮನೆಗೆ ಮರಳಿದೆ. ನಾನು ಅಳಲಿಲ್ಲ. ರೊಟ್ಟಿ ಬಡಿಯುತ್ತಿದ್ದೆ, ಎಮ್ಮೆಗೆ ಹಿಂಡಿ ಕಲೆಸುತ್ತಿದ್ದೆ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಆ ಬೇಸಿಗೆಯಲ್ಲಿ ಊರಿನ ಮಹಿಳಾ ಮಂಡಳಕ್ಕೆ ಕೊರಳಿಗೆ ಹಾಕುವ ಮಣ್ಣಿನ ಪದಕ ಮಾಡುವುದನ್ನು ಕಲಿಸಲು ಧಾರವಾಡದಿಂದ ಒಬ್ಬ ಅಕ್ಕಾರು ಬರತೊಡಗಿದರು. ಕಲಿಸುವ ಹೆಂಗಸರನ್ನು ನಾವು ಕರೆಯುವುದೇ ಹಾಗೆ. ನಮ್ಮತ್ತೆ ನನ್ನ ಕೈಗೆ ಬುತ್ತಿ ಕೊಟ್ಟು, "ಗ್ವಾಡಿ ನೋಡ್ಕೋಂತ ಕುಂದರಬ್ಯಾಡ. ಹೋಗಿ ಕಲಿ, ಹೋಗು," ಎಂದರು. ಹೋದೆ. ಬೇಡ ಎನ್ನಲೂ ಮನಸ್ಸು ಬೇಕಲ್ಲ.

ದುಮ್ಮವಾಡದ ಕೆರೆಯ ಮಣ್ಣು ತರಿಸುತ್ತಿದ್ದರು. ಅದನ್ನು ಸೋಸಿ, ನಾದಿ, ಪ್ಲಾಸ್ಟರಿನ ಬಿಳಿ ಅಚ್ಚಿನೊಳಗೆ ಹೆಬ್ಬೆರಳಿನಿಂದ ಒತ್ತುವುದು. ಅಚ್ಚು ನೀರು ಹೀರಿಕೊಂಡ ಮೇಲೆ ಬೋರಲು ಹಾಕಿ ತಟ್ಟಿದರೆ ನವಿಲೋ ಮಾವಿನಕಾಯಿಯೋ ಅಂಗೈಗೆ ಬೀಳುತ್ತಿತ್ತು. ಹಸಿ ಇರುವಾಗಲೇ ದಬ್ಬಣದಿಂದ ಮೇಲೊಂದು ತೂತು ಮಾಡಬೇಕು, ದಾರ ಪೋಣಿಸಲು. ಉಳಿದ ಹೆಂಗಸರು ಹರಟುತ್ತ, ನಗುತ್ತ ಮಾಡುತ್ತಿದ್ದರು. ನಾನು ಒತ್ತುವುದು, ತಟ್ಟುವುದು, ಅಷ್ಟೇ.

ಕುಂಬಾರರ ಆವಿಗೆಯಲ್ಲಿ ಸುಟ್ಟು ತೆಗೆದ ದಿನ ಅಕ್ಕಾರು ನನ್ನ ಬುಟ್ಟಿಯಿಂದ ಒಂದು ನವಿಲನ್ನು ಎತ್ತಿ ತಿರುಗಿಸಿ ನೋಡಿದರು. ಇನ್ನೊಂದನ್ನು ಎತ್ತಿದರು.

"ತೂತು ಎಲ್ಲಿ ಅದಾವ?"

ಬುಟ್ಟಿಯಲ್ಲಿದ್ದ ಒಂದಕ್ಕೂ ಇರಲಿಲ್ಲ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. "ಮರ್ತೆನ್ರಿ," ಎಂದೆ. ಅವರು ಬೈಯಲಿಲ್ಲ. "ಇರ್ಲಿ, ಮನೀಗೆ ಒಯ್ಯಿ," ಎಂದರು.

ಸಂಜೆ ನಮ್ಮನೆಯವರು ಹೊಲದಿಂದ ಬಂದವರು ಬುಟ್ಟಿ ನೋಡಿದರು. ಮಾತು ಕಡಿಮೆ ಅವರದು. ಮಗು ಹೋದ ಮೇಲಂತೂ ಪೂರಾ ನಿಂತುಹೋಗಿತ್ತು. ಕೈಕಾಲು ತೊಳೆದು ಬಂದು, ಹಳೇ ಕೊಡೆಯ ಕಡ್ಡಿಯೊಂದನ್ನು ಕಲ್ಲಿಗೆ ಮಸೆದು, ಕಟ್ಟೆಯ ಮೇಲೆ ಕೂತು ಒಂದು ನವಿಲಿಗೆ ತೂತು ಕೊರೆಯತೊಡಗಿದರು. ಅದು ಎರಡು ಹೋಳಾಯಿತು. ಬದಿಗಿಟ್ಟು ಮತ್ತೊಂದು ತೆಗೆದುಕೊಂಡರು. ಅದೂ ಒಡೆಯಿತು.

"ಬಿಡ್ರಿ, ಸುಟ್ಟ ಮ್ಯಾಲೆ ಆಗಂಗಿಲ್ಲ," ಎಂದೆ.

ಬಿಡಲಿಲ್ಲ. ನಾನು ಬಾಜೂಕ ಕೂತು ಒಂದೊಂದೇ ಎತ್ತಿ ಕೊಡುತ್ತ ಹೋದೆ. ಸುಮಾರು ಹೊತ್ತಿನ ಮೇಲೆ, ತಲೆ ಎತ್ತದೆಯೇ ಕೇಳಿದರು:

"ಕೂಸಿನ ಮಾರಿ ನೆನಪೈತೇನ ನಿನಗ?"

ಅವರು ತವರಿಗೆ ಬಂದು ಒಂದೇ ಸಲ ನೋಡಿದ್ದರು. ನಾನು ಅದನ್ನು ಎದೆಗೆ ಹಾಕಿಕೊಂಡು ಮಲಗಿದವಳು. ಕಣ್ಣು ಮುಚ್ಚಿ ನೆನೆಯಲು ನೋಡಿದೆ. ತಲೆಗೆ ಕಟ್ಟಿದ್ದ ಕುಲಾಯಿ ಕಂಡಿತು, ಅದರ ಕಸೆ ಕಂಡಿತು, ಮುಖ ಮಾತ್ರ ಇಲ್ಲ.

"ಇಲ್ರಿ."

"ನನಗೂ ಇಲ್ಲ," ಎಂದರು.

ಇನ್ನು ಅಳು ಬರುತ್ತದೆ ಎಂದುಕೊಂಡು ಕಾದೆ. ಬರಲಿಲ್ಲ. ಒಳಗಿನಿಂದ ಅತ್ತೆ ಊಟಕ್ಕೆ ಕರೆದರು. ಚೂರುಗಳನ್ನು ಗುಡಿಸಿ ತಿಪ್ಪೆಗೆ ಚೆಲ್ಲಿ, ಎದ್ದು ಹೋಗಿ ಉಂಡೆವು.

ಮರುದಿನ ಮತ್ತೆ ಮಂಡಳಕ್ಕೆ ಹೋದೆ. ದೀಪಾವಳಿಯ ತನಕ ಕೆಲಸ ನಡೆಯಿತು, ನಾನು ಮಾಡಿದವೂ ಬಣ್ಣ ಬಳಿಸಿಕೊಂಡು ಹುಬ್ಬಳ್ಳಿಗೆ ಮಾರಾಟಕ್ಕೆ ಹೋದವು. ಆಮೇಲೆ ಅಕ್ಕಾರಿಗೆ ಬೇರೆ ಊರಿಗೆ ವರ್ಗವಾಗಿ ಎಲ್ಲ ನಿಂತಿತು. ಮುಂದೆ ನಮಗೆ ಮಕ್ಕಳೂ ಆದವು.

ಅಳು ಬಂದದ್ದು ಬಹಳ ದಿನಗಳ ಮೇಲೆ, ಒಂದು ಮಧ್ಯಾಹ್ನ ಎಮ್ಮೆಗೆ ನೀರು ಕುಡಿಸುವಾಗ, ಏನೂ ಕಾರಣವಿಲ್ಲದೆ. ಎಮ್ಮೆ ಕುಡಿದು ಮುಗಿಸುವವರೆಗೂ ಅದರ ಬೆನ್ನ ಮೇಲೆ ಕೈಯಿಟ್ಟು ಅಳುತ್ತ ನಿಂತಿದ್ದೆ.