ಹಳೆಯ ರೈಫಲ್ಲಿಗೆ ದುರ್ಬೀನು ಕೂರಿಸಿದ್ದು

ಅಮೆರಿಕದ ಸನ್ನಿವೇಲ್‌ನಲ್ಲಿ ನಾನು ಕೆಲಸ ಮಾಡುತ್ತಿದ್ದ ಕಂಪನಿ ಚಿಪ್ ಕಾರ್ಖಾನೆಗಳಿಗೆ ಯಂತ್ರ ಕಟ್ಟಿಕೊಡುತ್ತಿತ್ತು. ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದ ವರ್ಷ, ನಮ್ಮಲ್ಲಿ ಮೊದಲು ಮುಚ್ಚಿದ್ದು ಲೋಹದ ಬಿಡಿಭಾಗ ಮಾಡುವ ಮೆಷಿನ್ ಶಾಪು. ಅಲ್ಲಿದ್ದ ಆರು ಜನರಲ್ಲಿ ಹಿರಿಯರು ಅರವತ್ತಮೂರು ವರ್ಷದ ಒಬ್ಬ ಅಮೆರಿಕನ್. ನನ್ನ ಡ್ರಾಯಿಂಗಿನಲ್ಲಿ ತಪ್ಪಿದ್ದರೆ ಅವರು ಬೈಯುತ್ತಿರಲಿಲ್ಲ. ಆ ತಪ್ಪನ್ನೇ ಅಲ್ಯುಮಿನಿಯಮ್ಮಿನಲ್ಲಿ ಮಾಡಿ ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಮನೆಯಲ್ಲಿ ಅವರ ಮಾತು ಬಂದಾಗ ನಾನೂ ಹೆಂಡತಿಯೂ ಅವರನ್ನು ಮೇಸ್ತ್ರಿಗಳು ಎಂದೇ ಕರೆಯುತ್ತಿದ್ದೆವು. ಅವರು ತಮ್ಮ ಸಲಕರಣೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿಕೊಂಡು ಹೊರಟಾಗ ನಾನು ಮೀಟಿಂಗಿನಲ್ಲಿದ್ದೆ. ಎದ್ದು ಹೋಗಬಹುದಿತ್ತು. ಹೋಗಲಿಲ್ಲ.

ಎರಡು ತಿಂಗಳ ಮೇಲೆ ಅವರ ಫೋನು ಬಂತು. "ಶನಿವಾರ ಬಿಡುವಿದೆಯಾ? ನಿನ್ನ ಕಣ್ಣು ಬೇಕಾಗಿದೆ" ಎಂದರು.

ಅವರ ಮನೆ ಗಿಲ್‌ರಾಯ್ ಊರು ದಾಟಿ ಗುಡ್ಡದ ಬುಡದಲ್ಲಿತ್ತು. ಒಣಹುಲ್ಲಿನ ಇಳಿಜಾರು, ತಂತಿ ಬೇಲಿ, ಬೇಲಿಯೊಳಗೆ ಏಳು ಮೇಕೆ. ಅವರ ತೀರಿಕೊಂಡ ಹೆಂಡತಿ ಸಾಕಿದ್ದ ಮೇಕೆಗಳವು, ಬೇಸಿಗೆಯ ಮೊದಲಿಗೆ ಹನ್ನೊಂದಿದ್ದವಂತೆ.

"ನಾಯಿಗಳು" ಎಂದರು ಮೇಸ್ತ್ರಿಗಳು. "ಕೆಲಸ ಹೋದೋರು ಮನೆ ಖಾಲಿ ಮಾಡುವಾಗ ನಾಯೀನ ಕಾರಲ್ಲಿ ತಂದು ಈ ರಸ್ತೇಲಿ ಇಳಿಸಿ ಹೋಗ್ತಾರೆ. ಹಳ್ಳಿಯೋರು ಯಾರಾದ್ರೂ ಸಾಕ್ಕೋತಾರೆ ಅಂದ್ಕೋತಾರೆ. ಈಗ ಮೂರು ಒಟ್ಟಾಗಿವೆ. ಬೇಲಿ ಎತ್ತರಿಸಿದೆ, ಕೆಳಗೆ ಅಗೆದು ಬಂದವು. ಬೋನು ಇಟ್ಟೆ, ಮೂಸಿ ನೋಡಿ ಹೋದವು."

ಗ್ಯಾರೇಜಿನ ಬೆಂಚಿನ ಮೇಲೆ ಒಂದು ರೈಫಲ್ ಮಲಗಿತ್ತು. ಯಾವುದೋ ದೇಶದ ಸೈನ್ಯ ಬೇಡವೆಂದು ಮಾರಿದ್ದನ್ನು ಅವರು ಹರೆಯದಲ್ಲಿ ಕೊಂಡಿದ್ದರಂತೆ. ಮರದ ಹಿಡಿಯ ಮೇಲೆ ಯಾರೋ ಸಿಪಾಯಿ ಚಾಕುವಿನಲ್ಲಿ ಎರಡು ಅಕ್ಷರ ಕೊರೆದಿದ್ದ; ಅದು ಯಾವ ಲಿಪಿಯೋ ನನಗೆ ತಿಳಿಯಲಿಲ್ಲ. ಗುರಿ ಹಿಡಿಯಲು ನಳಿಗೆಯ ಹಿಂದೊಂದು ಕಚ್ಚು, ಮುಂದೊಂದು ಮೊಳೆ. ಮೇಸ್ತ್ರಿಗಳಿಗೆ ಎರಡೂ ಕಾಣುತ್ತಿರಲಿಲ್ಲ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಕೆಲಸದೊಂದಿಗೆ ಇನ್ಶೂರೆನ್ಸೂ ಹೋದದ್ದರಿಂದ ಅದು ನಿಂತಿತ್ತು. ರೈಫಲ್ಲಿನ ಮೇಲೆ ದುರ್ಬೀನು ಕೂರಿಸಿದರೆ ಗುರಿ ದೊಡ್ಡದಾಗಿ ಕಂಡೀತು ಎಂಬುದು ಅವರ ಲೆಕ್ಕ. ಸಾವಿರಾರು ತೂತುಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಕೊರೆದಿದ್ದ ಮನುಷ್ಯನಿಗೆ ದುರ್ಬೀನು ಬಿಗಿಯುವ ಸ್ಕ್ರೂಗಳಿಗೆ ನಾಲ್ಕು ತೂತು ಕೊರೆಯಲು ನಾನು ಬೇಕಾಗಿದ್ದೆ.

ಅಂದು ಅಳತೆ ತೆಗೆದುಕೊಂಡು ಮನೆಗೆ ಬಂದೆ. ಹೆಂಡತಿ ಚಪಾತಿ ಲಟ್ಟಿಸುತ್ತಿದ್ದವಳು ನಿಲ್ಲಿಸಿದಳು.

"ಬಂದೂಕಾ? ನಿಮಗ್ಯಾಕ್ರೀ ಈ ಉಸಾಬರಿ? ಗ್ರೀನ್ ಕಾರ್ಡು ಬಂದು ಇನ್ನೂ ಆರು ತಿಂಗಳಾಗಿಲ್ಲ."

"ಹೊಡೆಯೋದು ನಾನಲ್ಲ ಕಣೇ. ತೂತು ಕೊರೆದು ಸ್ಕ್ರೂ ಹಾಕೋದಷ್ಟೇ."

"ಕಟುಕನಿಗೆ ಕತ್ತಿ ಮಸೆದುಕೊಟ್ಟೋನೂ ಹಂಗೇ ಅಂತಾನೆ" ಎಂದು ಅವಳು ಮತ್ತೆ ಲಟ್ಟಣಿಗೆ ಹಿಡಿದಳು.

ಮುಂದಿನ ಶನಿವಾರ ಕೆಲಸ ಹಿಡಿದೆವು. ಮೇಸ್ತ್ರಿಗಳು ರೈಫಲ್ಲನ್ನು ಬಿಚ್ಚಿ, ಉಕ್ಕಿನ ಭಾಗವನ್ನು ಡ್ರಿಲ್ಲಿಂಗ್ ಮೆಷಿನ್ನಿನ ಕೆಳಗೆ ಬಿಗಿದು, ಮಟ್ಟವಾಗಿದೆಯೇ ಎಂದು ಬೆರಳಿನಿಂದ ಸವರಿ ನೋಡಿದರು. ಮೊದಲ ಎರಡು ತೂತು ಸಲೀಸಾಗಿ ಬಂದವು. ಮೂರನೆಯದು ಅರ್ಧಕ್ಕಿಳಿದಾಗ ಅವರು ಇದ್ದಕ್ಕಿದ್ದಂತೆ "ನಿಲ್ಲಿಸು!" ಎಂದು ಕೂಗಿದರು. ನನಗೆ ಯಾವ ವ್ಯತ್ಯಾಸವೂ ತಿಳಿದಿರಲಿಲ್ಲ. ಡ್ರಿಲ್ ಬಿಟ್ಟನ್ನು ಮೇಲೆತ್ತಿ ನೋಡಿದರೆ ಅದರ ಅಂಚು ಬಿರುಕು ಬಿಟ್ಟಿತ್ತು. ಇನ್ನೊಂದು ಸುತ್ತು ತಿರುಗಿದ್ದರೆ ಒಳಗೇ ಮುರಿದು ಕೂರುತ್ತಿತ್ತು. "ಶಬ್ದ ಬದಲಾಯಿತು. ಗಟ್ಟಿ ಪದರ ಸಿಕ್ಕಿದೆ" ಎಂದರು. ಆ ಕ್ಷಣಕ್ಕೆ ನಾವಿಬ್ಬರೂ ಮತ್ತೆ ಶಾಪಿನಲ್ಲಿದ್ದಂತೆ ಅನಿಸಿ ನನಗೆ ನಾಚಿಕೆಯಿಲ್ಲದ ಸಂತೋಷವಾಯಿತು.

ಬೇರೆ ಬಿಟ್ಟು ಹಾಕಿ ಉಳಿದ ತೂತುಗಳನ್ನು ಮುಗಿಸಿ, ಸ್ಕ್ರೂ ಹಿಡಿಯುವಂತೆ ಒಳಗೆ ಸುರುಳಿ ಗೀರು ಕೊರೆದು, ದುರ್ಬೀನು ನಿಲ್ಲುವ ಉಕ್ಕಿನ ಪಟ್ಟಿ ಕೂರಿಸಿದೆವು. ದುರ್ಬೀನು ಇಟ್ಟರೆ, ಗುಂಡು ತುಂಬಲು ಹಿಂದಕ್ಕೆಳೆಯುವ ಬೋಲ್ಟಿನ ಹಿಡಿ ಅದಕ್ಕೆ ತಗುಲಿತು. ದುರ್ಬೀನನ್ನು ಹಿಡಿದಿಡುವ ಬಳೆಗಳನ್ನು ಎತ್ತರದವಕ್ಕೆ ಬದಲಿಸಿದ ಮೇಲೆ ಸರಿಹೋಯಿತು. ನೂರು ಹೆಜ್ಜೆ ದೂರದ ಹುಲ್ಲಿನ ಪೆಂಡಿಗೆ ಕಾಗದ ಅಂಟಿಸಿ ಅವರು ಗುಂಡು ಹೊಡೆದರು. ತೂತು ಎಲ್ಲಿ ಬಿತ್ತೆಂದು ನಾನು ಬೈನಾಕ್ಯುಲರ್‌ನಲ್ಲಿ ನೋಡಿ ಹೇಳಿದಂತೆ ಅವರು ದುರ್ಬೀನಿನ ತಿರುಪು ತಿರುಗಿಸುತ್ತ ಹೋದರು. ಒಂದು ಗೇಣು ಎಡಕ್ಕಿದ್ದದ್ದು ಎಂಟನೆಯ ಗುಂಡಿಗೆ ನಡುವಿಗೆ ಬಂತು.

"ನಾಳೆ ಬೆಳಿಗ್ಗೆ ಇರ್ತೀಯಾ?" ಎಂದು ಕೇಳಿದರು. "ಆಕಾರ ಕಾಣುತ್ತೆ. ನಾಯಿಯೋ ಮೇಕೆಯೋ ಅನ್ನೋದನ್ನ ಯಾರಾದ್ರೂ ಹೇಳ್ಬೇಕು."

ಹೆಂಡತಿಗೆ ಫೋನು ಮಾಡಿ ಅಲ್ಲೇ ಉಳಿದೆ.

ಬೆಳಕು ಹರಿಯುವ ಹೊತ್ತಿಗೆ ಮೂರು ನಾಯಿಗಳು ಇಳಿಜಾರಿನಲ್ಲಿ ಸಾಲಾಗಿ ಇಳಿದು ಬಂದವು. ಮೇಕೆಗಳು ಒಂದರ ಮೈಗೊಂದು ಒತ್ತಿಕೊಂಡವು. ಮುಂದಿದ್ದ ಕಂದು ನಾಯಿ ಬೇಲಿಯ ಕೆಳಗೆ ತಲೆ ತೂರಿಸಿತು.

"ಬೇಲಿ ಹತ್ತಿರ ಇರೋದು?" ಎಂದು ಪಿಸುಗುಟ್ಟಿದರು.

"ನಾಯಿ" ಎಂದೆ.

ಗುಂಡಿನ ಸದ್ದಿಗೆ ಉಳಿದೆರಡು ಓಡಿಹೋದವು. ನಾವು ಹತ್ತಿರ ಹೋಗುವ ಹೊತ್ತಿಗೆ ಅದರ ಉಸಿರು ನಿಂತಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ಕೊರಳಲ್ಲಿ ನೀಲಿ ಪಟ್ಟಿ. ಮರಿಯಾಗಿದ್ದಾಗ ಹಾಕಿದ್ದನ್ನು ಯಾರೂ ಸಡಿಲಿಸಿರಲಿಲ್ಲವೇನೋ, ರೋಮದೊಳಗೆ ಹೂತುಹೋಗಿತ್ತು. ಅದಕ್ಕೆ ತಗುಲಿಸಿದ್ದ ತಗಡಿನ ಮೇಲೆ ಒಂದು ಫೋನ್ ನಂಬರಿತ್ತು. ಹೂಳಿ ಮುಗಿಸಿದ ಮೇಲೆ ಮೇಸ್ತ್ರಿಗಳು "ಮಾಡು, ಅವರಿಗೆ ಗೊತ್ತಾಗಲಿ" ಎಂದು ಅಡುಗೆಮನೆಯ ಫೋನು ತೋರಿಸಿದರು.

ಎತ್ತಿದವಳು ಒಬ್ಬ ಹೆಂಗಸು. ಕಂದು ನಾಯಿ, ನೀಲಿ ಪಟ್ಟಿ ಎಂದ ಕೂಡಲೇ ಅವಳ ದನಿ ಅರಳಿತು. "ಹೌದು, ಹೌದು! ಲಾಸ್ ಆಲ್ಟೋಸ್‌ನ ಮನೆ ಬಿಡಬೇಕಾಯಿತು. ಈ ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕೋಕೆ ಬಿಡಲ್ಲ. ಅಲ್ಲಿ ಫಾರ್ಮುಗಳಿದಾವಲ್ಲ... ನಿಮ್ಮ ಹತ್ತಿರ ಇದೆಯಾ? ಹೇಗಿದೆ?"

"ಸತ್ತುಹೋಯಿತು" ಎಂದೆ.

"ಹೇಗೆ?" ಎಂದಳು.

"ಕಾರಿಗೆ ಸಿಕ್ಕಿ."

ಅವಳು ಥ್ಯಾಂಕ್ಸ್ ಹೇಳಿ ಫೋನಿಟ್ಟಳು. ಮೇಸ್ತ್ರಿಗಳು ಸಿಂಕಿನಲ್ಲಿ ಕೈ ತೊಳೆಯುತ್ತಿದ್ದವರು ತಿರುಗಲಿಲ್ಲ. "ಆ ಸುಳ್ಳು ಯಾರಿಗೋಸ್ಕರ ಹೇಳಿದೆ? ನನಗಂತೂ ಬೇಕಿರಲಿಲ್ಲ" ಎಂದರು. ಅವಳಿಗೆ ನೋವಾಗದಿರಲಿ ಎಂದು ಹೇಳಿದೆನೆಂದು ಕೆಲವು ದಿನ ನಂಬಿಕೊಂಡಿದ್ದೆ. "ನಾಯಿ" ಎಂದು ಹೇಳಿದ ಬಾಯಿ ನನ್ನದು ಎಂಬುದನ್ನು ಹೆಂಡತಿಗೂ ಆಗ ಹೇಳಲಿಲ್ಲ.

ಹತ್ತು ದಿನದ ಮೇಲೆ, ವಾರದ ನಡುವೆ, ಅವರು ಮತ್ತೆ ಕರೆದರು. ಉಳಿದೆರಡು ನಾಯಿಗಳು ಬೇಲಿ ಸುತ್ತುತ್ತಿದ್ದವಂತೆ. ಆ ವಾರ ನಮ್ಮ ಆಫೀಸಿನಲ್ಲಿ ಕೆಲಸದಿಂದ ತೆಗೆಯುವವರ ಎರಡನೆಯ ಪಟ್ಟಿ ಹೊರಬೀಳುತ್ತದೆಂಬ ಗುಸುಗುಸು ಇತ್ತು. ರಜೆ ಕೇಳುವ ಧೈರ್ಯವಾಗಲಿಲ್ಲ. "ಶನಿವಾರ ಖಂಡಿತ ಬರ್ತೀನಿ" ಎಂದೆ. ಅವರು "ಆಗಲಿ" ಎಂದರು.

ಶನಿವಾರ ಹೋದಾಗ ಅಂಗಳದಲ್ಲಿ ಯಾರದೋ ಜಾನುವಾರು ಸಾಗಿಸುವ ಟ್ರೇಲರ್ ನಿಂತಿತ್ತು. ಗುರುವಾರ ಮುಂಜಾನೆ ಮೇಕೆಗಳ ಚೀರಾಟ ಕೇಳಿ ಮೇಸ್ತ್ರಿಗಳು ಒಬ್ಬರೇ ಎದ್ದು ಹೋಗಿದ್ದರು. ದುರ್ಬೀನಿನಲ್ಲಿ ಕಂದು ಮೈಯೊಂದು ಅಲುಗಾಡುವುದು ಕಂಡಿತ್ತು, ಹೊಡೆದಿದ್ದರು. ಬಿದ್ದದ್ದು ಹಿರಿಯ ಮೇಕೆ. ಅವರ ಹೆಂಡತಿ ಶೀಶೆಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು.

"ಗುಂಡು ಸರಿಯಾಗಿ ನಡುವಿಗೇ ಬಿತ್ತು" ಎಂದರು. "ನೀನು ಕೂರಿಸಿದ್ದರಲ್ಲಿ ಏನೂ ತಪ್ಪಿರಲಿಲ್ಲ."

ಅದನ್ನು ಅವರು ಸಮಾಧಾನಕ್ಕೆಂದು ಹೇಳಿದರೋ, ಬರೀ ಇದ್ದದ್ದನ್ನು ಹೇಳಿದರೋ, ಈಗಲೂ ನನಗೆ ಗೊತ್ತಿಲ್ಲ. ಉಳಿದ ಆರನ್ನೂ ಮಾರಿದ್ದರು. ನಾನು ಬೇಲಿಯ ಬಾಗಿಲು ಹಿಡಿದುಕೊಂಡೆ; ಅವರು ಒಂದೊಂದರ ಬೆನ್ನ ಮೇಲೂ ಕೈಯಿಟ್ಟು ಟ್ರೇಲರಿನ ಹಲಗೆ ಹತ್ತಿಸಿದರು. ಚಳಿಗಾಲದೊಳಗೆ ಮನೆಯನ್ನೂ ಮಾರಿ ನೆವಾಡದಲ್ಲಿದ್ದ ತಂಗಿಯ ಮನೆಗೆ ಹೊರಟುಹೋದರು. ವಿಳಾಸ ಕೊಟ್ಟಿದ್ದರು. ಆ ವರ್ಷದ ಹಬ್ಬಕ್ಕೆ ಕಾರ್ಡು ಕಳಿಸಿದೆ, ಉತ್ತರ ಬರಲಿಲ್ಲ.

ಟ್ರೇಲರ್ ಹೋದ ದಿನ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ, ಫೋನಿನಲ್ಲಿ ಹೇಳಿದ ಸುಳ್ಳನ್ನೂ ಸೇರಿಸಿ, ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ತಟ್ಟೆಯನ್ನು ನನ್ನ ಮುಂದೆ ಸರಿಸಿ, "ಅಷ್ಟು ದೊಡ್ಡ ಮನೇಲಿ ಮೇಸ್ತ್ರಿಗಳು ಇವತ್ತು ಒಬ್ಬರೇ ಇದಾರಾ?" ಎಂದು ಕೇಳಿದಳು.

"ಹೌದು" ಎಂದೆ.

"ಮತ್ತೆ ನೀವ್ಯಾಕೆ ಬಂದ್ಬಿಟ್ರಿ?" ಎಂದಳು.