ತಟಸ್ಥ ಹಡಗು ಮತ್ತು ಶೇಂಗಾ ಹೋಳಿಗೆ

ನಮ್ಮ ಮಾವ ಮೈಸೂರಿನ ಹೈಸ್ಕೂಲೊಂದರಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಆರು ತಿಂಗಳ ಮಟ್ಟಿಗೆ ಅವರು ನ್ಯೂಜಿಲೆಂಡಿನ ಆಕ್ಲೆಂಡಿಗೆ, ಫ್ಲ್ಯಾಟ್ ಬುಷ್ ಬಡಾವಣೆಯ ನಮ್ಮ ಮನೆಗೆ ಬಂದಾಗ ಬೀದಿಯಲ್ಲಿ ಯುದ್ಧ ನಡೆಯುತ್ತಿತ್ತು. ಬೀದಿಯ ಒಂದು ತುದಿಯಲ್ಲಿ ಮೈಸೂರಿನವರ ಮನೆ, ಇನ್ನೊಂದು ತುದಿಯಲ್ಲಿ ಹುಬ್ಬಳ್ಳಿಯವರದು. ಮನೆಗೊಂದು ಅಡುಗೆ ತಂದು ಒಟ್ಟಿಗೆ ಉಣ್ಣುವ ಯುಗಾದಿಯ ಪಾಟ್‌ಲಕ್‌ಗೆ ಎರಡೂ ಮನೆಯವರು ಹೋಳಿಗೆ ತಂದದ್ದೇ ಕಾರಣ. ಮೈಸೂರಾಕೆ ಶೇಂಗಾ ಹೋಳಿಗೆ ಮುರಿದು ನೋಡಿ, "ಚೆನ್ನಾಗಿದೆ, ಆದ್ರೆ ಇದು ಬಿಸ್ಕತ್ತಲ್ವಾ?" ಅಂದರು. ಹುಬ್ಬಳ್ಳಿಯಾಕೆ ಮೆತ್ತಗಿನ ಬೇಳೆ ಒಬ್ಬಟ್ಟನ್ನು ಎತ್ತಿ ಹಿಡಿದು, "ನಿಮ್ಮದು ತಿನ್ನಾಕ ಚಮಚಾ ಬೇಕ್ರೀ" ಅಂದರು. ಅಲ್ಲಿಗೆ ಮಾತು ನಿಂತಿತು. ಸೂಪರ್‌ಮಾರ್ಕೆಟ್‌ನಲ್ಲಿ ಎದುರಾದರೆ ಇಬ್ಬರೂ ನಾಯಿಗಳ ಆಹಾರದ ಸಾಲಿಗಾದರೂ ಟ್ರಾಲಿ ತಿರುಗಿಸುತ್ತಿದ್ದರು. ಇಬ್ಬರ ಮನೆಯಲ್ಲೂ ನಾಯಿಯಿಲ್ಲ.

ನಾನೂ ನನ್ನ ಗಂಡನೂ ಬೆಳಿಗ್ಗೆ ಕಾರು ಹತ್ತಿ ಹೋದರೆ ಮಾವ ಒಬ್ಬರೇ. ಹಗಲು ಹೊತ್ತು ಇಲ್ಲಿನ ಫುಟ್‌ಪಾತಿನ ಮೇಲೆ ನರಪಿಳ್ಳೆ ಕಾಣುವುದಿಲ್ಲ. ಹಾಗಾಗಿ ಅವರು ಬೆಳಿಗ್ಗೆ ಮೈಸೂರು ಮನೆಗೆ ಹೋಗಿ ಕಾಫಿ ಕುಡಿಯುತ್ತಿದ್ದರು, ಮಧ್ಯಾಹ್ನ ಹುಬ್ಬಳ್ಳಿ ಮನೆಗೆ ಹೋಗಿ ಚಹಾ.

ಒಂದು ಭಾನುವಾರ ಫೆರಿ ಹತ್ತಿಸಿ ಅವರನ್ನು ನೌಕಾಪಡೆಯ ಮ್ಯೂಸಿಯಂಗೆ ಕರೆದುಕೊಂಡು ಹೋದೆವು. ಅಲ್ಲೊಂದು ಹಳೆಯ ಫೋಟೊ. ಮಹಾಯುದ್ಧದ ಕಾಲದಲ್ಲಿ ಯಾವ ಪಕ್ಷಕ್ಕೂ ಸೇರದ ದೇಶದ ಯುದ್ಧನೌಕೆಯೊಂದು ಪರರ ಬಂದರಿನಲ್ಲಿ ಕಲ್ಲಿದ್ದಲು ತುಂಬಿಕೊಳ್ಳುತ್ತಿತ್ತು. ನಾವಿಕರ ಮುಖವೆಲ್ಲ ಮಸಿ. ಮಾವ ಅಲ್ಲೇ ಪಾಠ ಶುರುಮಾಡಿದರು. "ಇವರ ಕಷ್ಟ ಯಾರಿಗೂ ಬೇಡ ಕಣಮ್ಮ. ಕರೆದ ಕಡೆ ಊಟ ಮಾಡ್ಬೇಕು, ಯಾರನ್ನೂ ಬೈಯೋ ಹಾಗಿಲ್ಲ, ಇಲ್ಲಿ ಕಂಡದ್ದನ್ನ ಅಲ್ಲಿ ಹೇಳೋ ಹಾಗಿಲ್ಲ. ಬೇಕಾದಷ್ಟು ಕಲ್ಲಿದ್ದಲು ತಗೊಂಡು ಸುಮ್ನೆ ಹೊರಡ್ಬೇಕು."

"ನಿಮ್ಮ ಹಾಗೆ" ಅಂದೆ. ಅವರಿಗೆ ಅದು ಬಹಳ ಹಿಡಿಸಿತು. ಅಂದಿನಿಂದ ವಾಕಿಂಗಿಗೆ ಹೊರಡುವಾಗಲೆಲ್ಲ, "ಕಲ್ಲಿದ್ದಲು ತುಂಬಿಸ್ಕೊಂಡು ಬರ್ತೀನಿ" ಅನ್ನುವರು.

ಎರಡೂ ಬಂದರುಗಳು ಅವರನ್ನು ತಮ್ಮ ಕಡೆ ಎಳೆಯಲು ಹರಸಾಹಸ ಮಾಡಿದವು. "ನಿಮ್ಮೂರೋರು ನಾವು, ನೀವೇ ಹೇಳಿ ಅಂಕಲ್" ಎಂದು ಈಕೆ. "ನೀವು ಮಾಸ್ತರು, ನ್ಯಾಯಾ ನೀವ ಹೇಳ್ರಿ" ಎಂದು ಆಕೆ. ಮಾವ ಅಲ್ಲಿ ಕಾಫಿಯನ್ನು ಹೊಗಳುವರು, ಇಲ್ಲಿ ಚಹಾವನ್ನು. ಎಷ್ಟು ದಿನ ಈ ನಾಟಕ ಎಂದು ನಾನು ಒಮ್ಮೆ ರೇಗಿದೆ. "ಒಂದು ಬಾಗಿಲು ಮುಚ್ಚಿದ್ರೆ ನನ್ನ ಅರ್ಧ ದಿನ ಹೋಯ್ತಮ್ಮ" ಅಂದರು. ಆಮೇಲೆ ರೇಗಲಿಲ್ಲ.

ಇಷ್ಟು ಜಾಗರೂಕ ಕಪ್ತಾನರು ಕೊನೆಗೆ ಮುಗ್ಗರಿಸಿದ್ದು ಒಂದು ಸ್ಟೀಲ್ ಡಬ್ಬಿಯಿಂದ. ಮೈಸೂರು ಮನೆಯವರು ಕೋಡುಬಳೆ ತುಂಬಿಸಿ ಕಳಿಸಿದ್ದ ಡಬ್ಬಿ ಅದು. ಅದನ್ನು ಖಾಲಿ ಹಿಂತಿರುಗಿಸುವುದುಂಟೇ? ನಾನು ಆಫೀಸಿನಲ್ಲಿದ್ದೆ. ಮಾವ ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ತುಂಬಿಸಿ ಕೊಟ್ಟು ಬಂದರು. ಕೈಗೆ ಸಿಕ್ಕಿದ್ದು ಹಿಂದಿನ ದಿನ ಹುಬ್ಬಳ್ಳಿ ಮನೆಯಿಂದ ಬಂದ ಶೇಂಗಾ ಹೋಳಿಗೆ.

"ಅಂಕಲ್ ಬೇಕಂತಲೇ ಮಾಡಿದ್ದು" ಎಂದು ಮೈಸೂರಾಕೆ ನನಗೆ ಫೋನು ಮಾಡಿದರು. ಅದು ಹೇಗೋ ಇನ್ನೊಂದು ತುದಿಗೂ ಮುಟ್ಟಿತು. "ಪ್ರೀತಿಲೆ ಕೊಟ್ಟದ್ದನ್ನ ಅಲ್ಲಿಗೆ ದಾಟಿಸಿದ್ರಲ್ಲಾ" ಎಂದು ಆಕೆಗೂ ಮುನಿಸು. ಎರಡೂ ಬಂದರು ಮುಚ್ಚಿದವು. ಮಾವ ವಾಕಿಂಗ್ ಬಿಟ್ಟರು. ಸಂಜೆ ನಾನು ಬರುವಾಗ ಕಿಟಕಿಯ ಹತ್ತಿರ ಕೂತಿರುತ್ತಿದ್ದರು, ಟಿವಿಯೂ ಇಲ್ಲ, ದೀಪವೂ ಇಲ್ಲ. ನನಗೆ ಆ ಇಬ್ಬರು ಹೆಂಗಸರ ಮೇಲೂ ಕೆಟ್ಟ ಕೋಪ ಬಂತು.

ಆ ಶುಕ್ರವಾರ ನನಗೆ ರಜೆ. ಕರೆಗಂಟೆ ಸದ್ದಾಯಿತೆಂದು ಮಾವ ಬಾಗಿಲು ತೆಗೆದರು. ಹೊರಗೆ ಹುಬ್ಬಳ್ಳಿಯಾಕೆ, ಕೈಯಲ್ಲಿ ಚಹಾದ ಫ್ಲಾಸ್ಕು. "ಅರಾಮ ಇಲ್ಲೇನ್ರಿ ಅಂಕಲ್? ಈ ಕಡೆ ಬರವಲ್ರಿ" ಎನ್ನುತ್ತಿರುವಾಗಲೇ ಹಿಂದಿನಿಂದ ಮೈಸೂರಾಕೆಯೂ ಬಂದರು, ಕೈಯಲ್ಲಿ ಅದೇ ಸ್ಟೀಲ್ ಡಬ್ಬಿ. ಮಾವ ಎದುರಾಳಿಯ ಮನೆಯಲ್ಲಿರಬಹುದೆಂದು ಇಬ್ಬರೂ ಅಷ್ಟು ದಿನ ಉರಿದುಕೊಂಡಿದ್ದರಂತೆ. ಈಗ ಒಬ್ಬರ ಮುಖ ಒಬ್ಬರು ನೋಡದೆ ಮೆಟ್ಟಿಲ ಮೇಲೆ ನಿಂತರು.

ಮೈಸೂರಾಕೆ ಡಬ್ಬಿಯನ್ನು ಮಾವನ ಕಡೆ ಚಾಚಿದರು. "ಹೋಳಿಗೆ ಖಾಲಿಯಾಯ್ತು. ಮಕ್ಕಳು ಬಿಡಲಿಲ್ಲ. ಒಬ್ಬಟ್ಟು ಹಾಕಿದ್ದೀನಿ, ಇದನ್ನ ಅವರಿಗೆ ಕೊಟ್ಬಿಡಿ ಅಂಕಲ್."

'ಅವರು' ಒಂದು ಮೊಳ ದೂರದಲ್ಲಿದ್ದರು. ಮಾವ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಹಡಗು ಕೆಟ್ಟು ನಿಂತಿದೆಯಮ್ಮ. ನೀವೇ ತಲುಪಿಸಿ."

ಡಬ್ಬಿ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಕೊನೆಗೆ ಹುಬ್ಬಳ್ಳಿಯಾಕೆ ಅದನ್ನು ತೆಗೆದುಕೊಂಡು, "ಚಮಚಾ ತಂದೀರೇನ್ರಿ?" ಅಂದರು. ಮೈಸೂರಾಕೆಗೆ ನಗು ತಡೆಯಲಾಗಲಿಲ್ಲ. ನಾನು ಒಳಗೆ ಹೋಗಿ ಚಮಚ ಹುಡುಕುವ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಮುಂದಿನ ವಾರ ಮಾವನ ಮುಖ ಸಪ್ಪಗಿತ್ತು. ಏನಾಯಿತೆಂದು ಕೇಳಿದೆ.

"ಈಗ ಇಬ್ಬರೂ ಒಂದೇ ಮನೇಲಿ ಸೇರ್ತಾರೆ. ದಿನಕ್ಕೆ ಒಂದೇ ಲೋಟ" ಅಂದರು. "ಯುದ್ಧಾನೇ ವಾಸಿ ಇತ್ತು ಕಣಮ್ಮ."

ಹಾಗೆಂದು ಷೂ ಹಾಕಿಕೊಂಡು ಹೊರಟರು. ಕತ್ತಲಾಗುವವರೆಗೂ ಮನೆಗೆ ಬರಲಿಲ್ಲ.