ನೀಲಿ ಪಟ್ಟಿಯ ಕೆಳಗಿನ ಹೊಗೆ

ಬೀದಿಯವರು ನಮ್ಮ ಅತ್ತಿಗೆಗೆ ಇಟ್ಟಿರುವ ಹೆಸರು ಜಗಳಗಂಟಿ. ಅವರಿಗೆ ಅದರಿಂದ ಬೇಜಾರೇನೂ ಇಲ್ಲ. ತರಕಾರಿಯವನ ತಕ್ಕಡಿಯಿಂದ ಹಿಡಿದು ತಮ್ಮ ಕಚೇರಿಯ ನಿರ್ದೇಶಕರವರೆಗೆ, ಸುಳ್ಳು ಕಂಡಲ್ಲಿ ಅವರ ಬಾಯಿ ಸುಮ್ಮನಿರುವುದಿಲ್ಲ. ನಾನು ದರ್ಜಿ. ಹೊಲಿಗೆ ಕೊಂಚ ಆಚೀಚೆಯಾದರೆ ಗಿರಾಕಿಗೆ ಕಾಣದಂತೆ ಇಸ್ತ್ರಿ ಎಳೆದು ಕಳಿಸುವ ಪೈಕಿ. ಅತ್ತಿಗೆಯ ಕಣ್ಣಿಗೆ ಬಿದ್ದರೆ ನನ್ನ ಕಥೆ ಮುಗಿಯಿತು, ಗಿರಾಕಿಯ ಎದುರಿಗೇ ಬಿಚ್ಚಿಸುತ್ತಾರೆ.

ಅವರ ಕೆಲಸ ಹವಾಮಾನ ಕೇಂದ್ರದಲ್ಲಿ. ಚಾವಣಿಯ ಮೇಲೊಂದು ತಗಡಿನ ಕೋಣೆ, ಕೋಣೆಯೊಳಗೆ ಲೇಸರ್, ಅದರ ಪಕ್ಕದಲ್ಲಿ ದೂರದರ್ಶಕ. ಲೇಸರ್ ಬೆಳಕಿನ ತುಣುಕುಗಳನ್ನು ಆಕಾಶಕ್ಕೆ ಎಸೆಯುತ್ತದೆ. ಗಾಳಿಯಲ್ಲಿ ಧೂಳು, ಹೊಗೆ, ಮೋಡ ಏನಿದ್ದರೂ ಅದಕ್ಕೆ ಬಡಿದು ಒಂದಿಷ್ಟು ಬೆಳಕು ಹಿಂದಿರುಗುತ್ತದೆ, ದೂರದರ್ಶಕ ಅದನ್ನು ಹಿಡಿಯುತ್ತದೆ. ಎಷ್ಟು ಹೊತ್ತಿಗೆ ಬಂತು ಎನ್ನುವುದರಿಂದ ಎತ್ತರ ಗೊತ್ತಾಗುತ್ತದೆ, ಎಷ್ಟು ಬಂತು ಎನ್ನುವುದರಿಂದ ಧೂಳಿನ ದಟ್ಟಣೆ. ಬಿಡಿಭಾಗಗಳಾಗಿ ಬಂದಿದ್ದ ಈ ಯಂತ್ರವನ್ನು ಜೋಡಿಸಿ ನಿಲ್ಲಿಸಿದವರೇ ಅತ್ತಿಗೆ. ಮದುವೆಯ ಮಾತುಕತೆಯಲ್ಲೇ ಅಣ್ಣನಿಗೆ ಹೇಳಿಬಿಟ್ಟಿದ್ದರಂತೆ: "ನನ್ನ ಬೆಳಗಿನ ಹೊತ್ತು ಲೇಸರ್‌ದು. ಉಳಿದದ್ದು ಏನಿದ್ರೂ ಕೇಳಿ."

ಈ ಯಂತ್ರಕ್ಕೊಂದು ಕುರುಡುತನವಿದೆ. ಲೇಸರ್ ಮತ್ತು ದೂರದರ್ಶಕ ಅಕ್ಕಪಕ್ಕ ಇರುವುದರಿಂದ, ಬೆಳಕು ಒಂದಷ್ಟು ದೂರ ಹೋಗುವವರೆಗೆ ದೂರದರ್ಶಕದ ನೋಟಕ್ಕೆ ಪೂರ್ತಿ ಸಿಗುವುದಿಲ್ಲ. ಹಾಗಾಗಿ ನೆಲಕ್ಕೆ ಹತ್ತಿರದ ಗಾಳಿ ಅದಕ್ಕೆ ಕಾಣದು. ಕಾಣದ ಜಾಗಕ್ಕೆ ಕಚೇರಿಯ ಕಂಪ್ಯೂಟರ್ ಸೊನ್ನೆ ತುಂಬುತ್ತಿತ್ತು. ಸೊನ್ನೆಗೆ ನೀಲಿ ಬಣ್ಣ, ಶುದ್ಧ ಗಾಳಿಗೂ ಅದೇ ನೀಲಿ. ದಿನವೂ ಹೊರಬೀಳುವ ಚಿತ್ರದ ಬುಡದಲ್ಲಿ ಹೀಗೆ ಚೆಂದದ ನೀಲಿ ಪಟ್ಟಿ! ಅಲ್ಲಿ ಖಾಲಿ ಬಿಡಿ ಎಂದು ಅತ್ತಿಗೆ ಕಾದಾಡಿದರು. "ಖಾಲಿ ಬಿಟ್ರೆ ಚಿತ್ರ ಹರಿದ ಹಾಗೆ ಕಾಣುತ್ತಮ್ಮಾ," ಎಂದು ನಿರ್ದೇಶಕರು ಕೈತೊಳೆದುಕೊಂಡರು.

ನಮ್ಮ ಬೀದಿಯ ಹಿಂದೆಯೇ ಎರಕದ ಕಾರ್ಖಾನೆ. ಬೆಳಗಿನ ತಣ್ಣನೆ ಗಾಳಿಯಲ್ಲಿ ಅದರ ಹೊಗೆ ಮೇಲೇಳದೆ ನಮ್ಮ ಕಿಟಕಿಗಳ ಮಟ್ಟದಲ್ಲೇ ಠಿಕಾಣಿ ಹೂಡುತ್ತದೆ. ನಾನು ಬಿಳಿ ಬಟ್ಟೆ ಹೊಲಿಯುವುದನ್ನೇ ಬಿಟ್ಟಿದ್ದೇನೆ. ಅಮ್ಮ ಕೆಮ್ಮಿ ಕೆಮ್ಮಿ ಮಹಡಿ ಹತ್ತಲಾರದೆ ಅಡುಗೆಮನೆಯ ಪಕ್ಕ ಮಲಗುತ್ತಾಳೆ. ಅಂಥದ್ದರಲ್ಲಿ ಕಾರ್ಖಾನೆಯವರು ಎರಡನೆಯ ಕುಲುಮೆಗೆ ಅನುಮತಿ ಕೇಳಿದಾಗ ಇಡೀ ಬೀದಿ ತಿರುಗಿಬಿತ್ತು. ವಿಚಾರಣೆಯ ಮೊದಲ ದಿನ ಅವರ ವಕೀಲ ಎತ್ತಿ ತೋರಿಸಿದ್ದು ಏನನ್ನು ಅಂದುಕೊಂಡಿರಿ? ಅತ್ತಿಗೆಯ ಯಂತ್ರದ ಚಿತ್ರವನ್ನೇ! "ನೆಲದ ಹತ್ರ ಎಷ್ಟು ನೀಲಿ ಇದೆ ನೋಡಿ. ಇವರ ಕೆಮ್ಮಿಗೆ ಬೇರೆ ಕಾರಣ ಹುಡುಕ್ಕೊಳ್ಳಲಿ," ಎಂದ.

ಅಮ್ಮ ಮನೆಗೆ ಬಂದವಳೇ ಸೊಸೆಯನ್ನು ತಡೆದು ನಿಲ್ಲಿಸಿದಳು. "ನಾನು ಸುಳ್ಳು ಸುಳ್ಳೇ ಕೆಮ್ತೀನೇನೇ?"

ಅತ್ತಿಗೆಯ ಮುಖ ಕಪ್ಪಿಟ್ಟಿತು. "ಇಲ್ಲ ಅತ್ತೆ. ಯಂತ್ರಕ್ಕೆ ಕಾಣದ ಜಾಗಕ್ಕೆ ಬಣ್ಣ ಬಳಿದು ಕೂತಿದಾರೆ. ಕಾಣೋ ಹಾಗೆ ನಾನು ಮಾಡ್ತೀನಿ."

ಉಪಾಯ ಸರಳವಾದದ್ದೇ. ಉದ್ದನೆಯ ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ತುದಿ ಸೂರಿಗೆ ತಗಲುತ್ತದೆ, ಓರೆಯಾಗಿ ಹಿಡಿದರೆ ಸೊಂಟದ ಮಟ್ಟಕ್ಕೆ ಇಳಿಯುತ್ತದೆ. ಯಂತ್ರದ ಕುರುಡುತನದ ಉದ್ದವೂ ಹಾಗೆಯೇ, ಓರೆ ಮಾಡಿದರೆ ಅದು ನೆಲದ ಹತ್ತಿರವೇ ಮುಗಿದು ಅಲ್ಲಿಂದಾಚೆಯ ಗಾಳಿ ಕಾಣತೊಡಗುತ್ತದೆ. ಬೆಳಕು ಯಾರ ಕಣ್ಣಿಗೂ ತಾಗದಂತೆ ಸುತ್ತಲಿನ ಚಾವಣಿಗಳ ಎತ್ತರ ಲೆಕ್ಕ ಹಾಕಿ, ಲೇಸರನ್ನೂ ದೂರದರ್ಶಕವನ್ನೂ ಒಟ್ಟಿಗೆ ಕಾರ್ಖಾನೆಯ ಕಡೆಗೆ ಬಾಗಿಸಿದರು. ಅನುಮತಿ ಕೇಳದೆ ಇರಲಿಲ್ಲ. ಆ ಕಡತ ನಿರ್ದೇಶಕರ ಮೇಜಿನ ಮೇಲೆ ನಿದ್ದೆ ಹೊಡೆಯುತ್ತಿತ್ತು, ಇವರು ಕಾಯಲಿಲ್ಲ ಅಷ್ಟೆ. ನೀಲಿ ಇದ್ದ ಜಾಗದಲ್ಲಿ ಬೆಳಗಿಂದ ಬೆಳಗಿಗೆ ಹೊಗೆಯ ಕೆಂಪು ಮೂಡಿತು. ಕುಲುಮೆ ಉರಿದ ದಿನ ದಟ್ಟವಾಗಿ, ಕಾರ್ಖಾನೆಗೆ ರಜೆಯಿದ್ದ ದಿನ ತೆಳ್ಳಗೆ.

ಎರಡನೆಯ ವಿಚಾರಣೆಗೆ ನಾವೆಲ್ಲ ಹೋಗಿದ್ದೆವು. ಸಭಾಂಗಣದ ಬಾಗಿಲಲ್ಲೇ ನಿರ್ದೇಶಕರು ಅತ್ತಿಗೆಯನ್ನು ಅಡ್ಡಗಟ್ಟಿದರು. "ಅದು ಅನುಮತಿ ಇಲ್ಲದ ಪ್ರಯೋಗ, ನಂಬೋ ಹಾಗಿಲ್ಲ ಅಂತ ಬರೆದುಕೊಡಿ. ಇಲ್ಲಾಂದ್ರೆ ನಾಳೆಯಿಂದ ಆ ಕೋಣೆಗೆ ಕಾಲಿಡೋ ಹಾಗಿಲ್ಲ."

ಅತ್ತಿಗೆ ಕೈಚೀಲಕ್ಕೆ ಕೈಹಾಕಿ ಲೇಸರಿನ ಕೀಲಿಯನ್ನು ಹೊರತೆಗೆದರು. "ಯಂತ್ರ ಕಚೇರೀದು, ತಗೊಳ್ಳಿ ಸಾರ್. ಅನುಮತಿ ಇರಲಿಲ್ಲ ಅಂತ ಬೇಕಾದ್ರೆ ನೂರು ಸಲ ಬರೆದುಕೊಡ್ತೀನಿ. ಹೊಗೆ ಇರಲಿಲ್ಲ ಅಂತ ಒಂದು ಸಲಾನೂ ಬರೆಯಲ್ಲ."

ಕೀಲಿಯನ್ನು ಅವರ ಅಂಗೈಗೆ ಹಾಕಿ, ಒಳಗೆ ಹೋಗಿ ಚಿತ್ರಗಳನ್ನು ಹರಡಿದರು. ವಕೀಲ ಹಲ್ಲುಕಿರಿದ. "ಯಂತ್ರಾನೇ ಓರೆ ಆದ್ಮೇಲೆ ಅದು ಕೊಡೋ ಚಿತ್ರ ನೆಟ್ಟಗಿರುತ್ತಾ ಮೇಡಂ?"

"ನೀವು ಬಗ್ಗಿ ಮಂಚದ ಕೆಳಗೆ ನೋಡಿದ್ರೆ ಮಂಚ ಬಗ್ಗುತ್ತಾ ಸ್ವಾಮಿ?"

ಸಭೆ ಗೊಳ್ಳೆಂದಿತು. ವಿಚಾರಣಾಧಿಕಾರಿ ಮಾತ್ರ ನಗಲಿಲ್ಲ. ಕುಲುಮೆ ಉರಿದ ದಿನಗಳ ಚಿತ್ರವನ್ನೂ ರಜೆಯ ದಿನದ್ದನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಸಂಜೆಯ ಹೊತ್ತಿಗೆ ಎರಡನೆಯ ಕುಲುಮೆಗೆ ಅನುಮತಿ ಇಲ್ಲವೆಂದು ಆದೇಶ ಬಂತು.

ಹೊರಗೆ ಬೀದಿಯ ಜನ ಹಿಗ್ಗಿ ಕೂಗಾಡುತ್ತಿದ್ದರು. ಅತ್ತಿಗೆ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತರು. ಆ ಯಂತ್ರದೊಂದಿಗಿನ ಅವರ ನಂಟು ಅಣ್ಣನ ಜೊತೆಗಿನದಕ್ಕಿಂತ ಹಳೆಯದು. ಅಮ್ಮ ಪಕ್ಕದಲ್ಲಿ ಕೂತು ಸೊಸೆಯ ಬೆನ್ನು ಸವರಿದಳು.

ಅಣ್ಣ ಮೆಲ್ಲಗೆ ಅಂದ, "ನಾನು ನಿರ್ದೇಶಕರ ಹತ್ರ ಮಾತಾಡ್ಲಾ? ಒಂದು ಕ್ಷಮೆ ಕೇಳಿಬಿಟ್ರೆ..."

ಅತ್ತಿಗೆ ತಲೆಯೆತ್ತಿದರು. ಕಣ್ಣು, ಮೂಗು ಎಲ್ಲ ಕೆಂಪಾಗಿತ್ತು.

"ಅಳ್ತಾ ಇದೀನಿ, ನಿಜ. ಹಾಗಂತ ತಪ್ಪು ಮಾಡಿದೆ ಅಂತ ಅಳ್ತಿದೀನಿ ಅಂದ್ಕೋಬೇಡಿ. ಕೀಲಿ ವಾಪಸ್ ಕೊಟ್ರೆ, ನಾಳೆ ಬೆಳಿಗ್ಗೇನೇ ಮತ್ತೆ ಬಾಗಿಸ್ತೀನಿ."